ಯಾರ ಗಾಳಿಯನ್ನು ಅಳೆಯುತ್ತೇವೆ?

ದುಬಾರಿ ಸಿಗಾರ್‌ಗಳನ್ನು ಜೋಪಾನ ಮಾಡುವವರ ಮನೆಯಲ್ಲಿ ಒಂದು ಮರದ ಪೆಟ್ಟಿಗೆ ಇರುತ್ತದೆ. ಹ್ಯೂಮಿಡರ್ ಎಂದು ಅದರ ಹೆಸರು. ಒಳಬದಿಗೆ ಸ್ಪ್ಯಾನಿಷ್ ಸೀಡರ್ ಹಲಗೆ ಹೊದಿಸಿರುತ್ತಾರೆ. ಹೆಸರಿನಲ್ಲಿ ಸೀಡರ್ ಇದ್ದರೂ ಅದು ನಮ್ಮ ಬೇವಿನ ಕುಟುಂಬಕ್ಕೆ ಸೇರಿದ ಮರ. ತೇವವನ್ನು ಹೀರಿಕೊಂಡು ನಿಧಾನವಾಗಿ ಬಿಟ್ಟುಕೊಡುವುದು ಅದರ ಗುಣ. ಪೆಟ್ಟಿಗೆಯೊಳಗಿನ ಗಾಳಿಯ ಸಾಪೇಕ್ಷ ತೇವಾಂಶ ನೂರಕ್ಕೆ 65ರಿಂದ 70ರ ಆಸುಪಾಸಿನಲ್ಲಿ ನಿಲ್ಲಬೇಕು. ಕಡಿಮೆಯಾದರೆ ಹೊರಗಿನ ಎಲೆ ಒಣಗಿ ಬಿರಿಯುತ್ತದೆ, ಹೊಗೆ ಕಟುವಾಗುತ್ತದೆ. ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ. ಅದರ ಜೊತೆ ಸೆಕೆಯೂ ಏರಿದರೆ ತಂಬಾಕಿನೊಳಗೆ ಅಡಗಿದ್ದ ಮೊಟ್ಟೆಗಳು ಒಡೆದು, ಸಣ್ಣ ಜೀರುಂಡೆಗಳು ಸಿಗಾರಿನ ಉದ್ದಕ್ಕೂ ತೂತು ಕೊರೆಯುತ್ತವೆ.

ಹಿಂದೆ ಈ ಪೆಟ್ಟಿಗೆಯ ಮುಚ್ಚಳದಲ್ಲಿ ಮುಳ್ಳಿನ ಗಡಿಯಾರದಂಥ ಮಾಪಕವೊಂದು ಇರುತ್ತಿತ್ತು. ಈಗ ಬೆಂಕಿಪೆಟ್ಟಿಗೆ ಗಾತ್ರದ ವೈರ್‌ಲೆಸ್ ಸೆನ್ಸರ್ ಬಂದಿದೆ. ಅದರೊಳಗಿನ ತೆಳು ಪೊರೆ ಗಾಳಿಯ ತೇವ ಹೀರಿದಂತೆ ಅದರ ವಿದ್ಯುತ್ ಗುಣ ಬದಲಾಗುತ್ತದೆ. ಆ ಬದಲಾವಣೆ ಅಂಕಿಯಾಗಿ ಒಡೆಯನ ಫೋನಿಗೆ ಹೋಗುತ್ತದೆ. ಅವನು ಊರಲ್ಲಿರಲಿ, ಪರಊರಲ್ಲಿರಲಿ, ತೇವಾಂಶ 62ಕ್ಕೆ ಇಳಿದರೆ ಫೋನು ಕೂಗುತ್ತದೆ. ಸೆನ್ಸರ್ ಸುಳ್ಳು ಹೇಳುತ್ತಿದೆಯೇ ಎಂದು ನೋಡುವ ಉಪಾಯವೂ ಇದೆ. ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಾಗುವಷ್ಟು ನೀರು ಬೆರೆಸಿ, ಸೆನ್ಸರಿನ ಜೊತೆ ಅದನ್ನೂ ಗಾಳಿಯಾಡದ ಚೀಲದಲ್ಲಿ ಕೆಲವು ಗಂಟೆ ಇಟ್ಟರೆ ಅದು 75 ತೋರಿಸಬೇಕು. ಒದ್ದೆ ಉಪ್ಪಿನ ಮೇಲಿನ ಗಾಳಿ ಯಾವಾಗಲೂ ಅಷ್ಟೇ ತೇವ ಹಿಡಿದಿಟ್ಟುಕೊಳ್ಳುತ್ತದೆ. ಇದು ಯಾರ ಅಡುಗೆಮನೆಯಲ್ಲಾದರೂ ಮಾಡಬಹುದಾದ ಪರೀಕ್ಷೆ.

ಇದನ್ನೆಲ್ಲ ಇಲ್ಲಿ ಹೇಳುತ್ತಿರುವುದು ಸಿಗಾರ್ ಸೇದುವವರನ್ನು ಆಡಿಕೊಳ್ಳಲು ಅಲ್ಲ. ಹಣ ಇದ್ದವರು ತಮಗೆ ಪ್ರಿಯವಾದುದನ್ನು ಜೋಪಾನ ಮಾಡುತ್ತಾರೆ. ನಮ್ಮಲ್ಲಿ ಕೆಲವರು ವೀಣೆಯನ್ನು, ಕೆಲವರು ಹಳೆಯ ಪುಸ್ತಕಗಳನ್ನು ಹೀಗೇ ನೋಡಿಕೊಳ್ಳುವುದಿಲ್ಲವೇ? ನನ್ನ ಪ್ರಶ್ನೆ ಬೇರೆ. ಒಂದು ವಸ್ತುವಿನ ಸುತ್ತಲಿನ ಗಾಳಿಯನ್ನು ಹಗಲೂ ರಾತ್ರಿ ಅಳೆಯುವುದನ್ನು ನಾವು ಕಾಳಜಿ ಎಂದು ಕರೆಯುತ್ತೇವೆ. ಹಾಗಾದರೆ ಅಳೆಯುವುದೇ ಕಾಳಜಿಯೇ? ಅಳತೆ ಎಲ್ಲಿ ಕಾಳಜಿಯಾಗುತ್ತದೆ, ಎಲ್ಲಿ ಬರೀ ಕಾವಲಾಗುತ್ತದೆ? ಈ ಪ್ರಶ್ನೆಯನ್ನು ಇಟ್ಟು ನೋಡಲು ಬಂಗಾರಪೇಟೆ ಮತ್ತು ಕೋಲಾರ ಚಿನ್ನದ ಗಣಿಗಿಂತ ಒಳ್ಳೆಯ ಜಾಗ ನನಗೆ ತೋಚುವುದಿಲ್ಲ.

ಮೊದಲು ಬಂಗಾರಪೇಟೆಯ ಕಡೆಗೆ ಬರೋಣ. ಈ ಸೀಮೆಯ ಹಳ್ಳಿಗಳಲ್ಲಿ ಹ್ಯೂಮಿಡರ್ ಎಂಬ ಹೆಸರು ಕೇಳಿದವರು ಕಡಿಮೆ ಇರಬಹುದು, ಆದರೆ ಅದರ ಹಿಂದಿನ ಚಿಂತೆಯನ್ನು ಅರಿತವರು ಬೇಕಾದಷ್ಟು ಜನ ಇದ್ದಾರೆ. ಕೋಲಾರ ಜಿಲ್ಲೆ ರೇಷ್ಮೆಯ ಸೀಮೆ. ಹುಳು ಮನೆಯಲ್ಲಿ ಚಾಕಿ ಹುಳುಗಳಿಗೆ ನೂರಕ್ಕೆ 80ರಿಂದ 85ರಷ್ಟು ತೇವಾಂಶ, 26ರಿಂದ 28 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ನಾಲ್ಕನೇ ಜ್ವರ ದಾಟಿದ ಹುಳುಗಳಿಗೆ 70ರ ಹತ್ತಿರ ಸಾಕು, ಕಾವೂ ತುಸು ತಗ್ಗಬೇಕು. ಚಂದ್ರಿಕೆ ಏರಿ ಗೂಡು ಕಟ್ಟುವಾಗ ಇನ್ನೂ ಒಣಗಿದ, ಚೆನ್ನಾಗಿ ಓಡಾಡುವ ಗಾಳಿ ಬೇಕು. ತೇವ ಕಡಿಮೆಯಾದರೆ ಸೊಪ್ಪು ಬಾಡಿ ಹುಳು ತಿನ್ನುವುದನ್ನು ಬಿಡುತ್ತದೆ. ಹೆಚ್ಚಾದರೆ ಸುಣ್ಣಕಟ್ಟು ರೋಗ ಬಂದು, ಹುಳು ಸತ್ತು ಸುಣ್ಣದ ಕಡ್ಡಿಯಂತೆ ಬಿಳುಪಾಗಿ ಬಿಡುತ್ತದೆ. ಹೀಗಾಗಿ ಬೇಸಿಗೆಯಲ್ಲಿ ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟುವುದು, ಮಳೆಗಾಲದಲ್ಲಿ ಸುಣ್ಣ ಚೆಲ್ಲುವುದು ಹಳೆಯ ರೂಢಿ. ಗೋಡೆಗೆ ನೇತುಹಾಕಿದ ಒದ್ದೆ ಬಲ್ಬು ಒಣ ಬಲ್ಬಿನ ಮಾಪಕ ಅದಕ್ಕೆ ಜೊತೆ. ಈಚೆಗೆ ಅಲ್ಲೂ ಸೆನ್ಸರ್‌ಗಳು ಕಾಲಿಡುತ್ತಿವೆ.

ರೈತನ ಈ ಜಾಗರಣೆ ಸಣ್ಣದಲ್ಲ. ಮನೆಮಂದಿಯ ನಿದ್ದೆಯೆಲ್ಲ ಹುಳು ಮನೆಗೆ ಹೋಗುತ್ತದೆ. ಆದರೆ ಇಷ್ಟು ಜೋಪಾನ ಮಾಡಿದ ಹುಳುವಿನ ಕೊನೆ ಏನೆಂದು ನಮಗೆ ಗೊತ್ತು. ಗೂಡು ಬಿಸಿನೀರಿಗೆ ಬೀಳುತ್ತದೆ. ಚಿಟ್ಟೆ ಹೊರಬಂದರೆ ನೂಲು ಹರಿಯುತ್ತದೆ. ಸಿಗಾರೂ ಹಾಗೆಯೇ, ಕೊನೆಗೆ ಸುಡಲೆಂದೇ ಕಾಪಾಡಿದ್ದು. ಇಲ್ಲಿ ಅಳತೆ ಇದೆ, ಅಳತೆಗೆ ತಕ್ಕಂತೆ ಎದ್ದು ಓಡುವ ಮನುಷ್ಯ ಇದ್ದಾನೆ, ಪ್ರೀತಿಯಂಥದ್ದೂ ಇದೆ. ಆದರೆ ಆ ಅಳತೆ ಯಾರ ಹಿತಕ್ಕಾಗಿ ಎಂದು ಕೇಳಿದರೆ ಉತ್ತರ ಹುಳುವಿನ ಕಡೆಗೆ ಹೋಗುವುದಿಲ್ಲ, ಒಡೆಯನ ಕಡೆಗೆ ಹೋಗುತ್ತದೆ. ರೈತನನ್ನು ಇದಕ್ಕಾಗಿ ದೂರಲು ಆಗದು. ಅವನ ಹೊಟ್ಟೆಪಾಡು ಅದು. ಒಡೆತನದ ಜೋಪಾನ ಹೇಗಿರುತ್ತದೆ ಎಂಬುದಕ್ಕೆ ಇದು ಉದಾಹರಣೆ, ಅಷ್ಟೆ. ತೊಂದರೆ ಶುರುವಾಗುವುದು ಇದೇ ಬಗೆಯ ಜೋಪಾನ ಮನುಷ್ಯರ ಮೇಲೆ ಬಂದು ಕೂತಾಗ.

ಬಂಗಾರಪೇಟೆ ಜಂಕ್ಷನ್ನಿನಿಂದ ಕವಲೊಡೆದು ಮಾರಿಕುಪ್ಪಂವರೆಗೆ ಹೋಗುವ ಚಿಕ್ಕ ರೈಲು ಮಾರ್ಗವೊಂದಿದೆ. ಅದು ಹುಟ್ಟಿದ್ದೇ ಗಣಿಗಾಗಿ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಬಂದ ಮೇಲೆ ಶುರುವಾದ ಆಳದ ಗಣಿಗಾರಿಕೆ 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕುವ ತನಕ ನಡೆಯಿತು. ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಇಳಿಯಿತು. ಒಂದು ಕಾಲಕ್ಕೆ ಜಗತ್ತಿನ ಅತಿ ಆಳದ ಗಣಿಗಳಲ್ಲಿ ಅದೂ ಒಂದು. ಅಷ್ಟು ಕೆಳಗೆ ಬಂಡೆಯ ಕಾವೇ 65 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಮೇಲಿನಿಂದ ತಂಪು ಗಾಳಿ ನೂಕದೆ ಅಲ್ಲಿ ಮನುಷ್ಯ ನಿಲ್ಲಲಾರ. ಹೀಗಾಗಿ 1930ರ ದಶಕದಲ್ಲೇ ಇಲ್ಲಿ ಗಣಿಗೆ ಗಾಳಿ ತಂಪು ಮಾಡಿ ಕಳಿಸುವ ಯಂತ್ರಗಳು ಬಂದವು. ಆಗಿನ್ನೂ ನಮ್ಮ ಬಹುತೇಕ ಊರುಗಳಿಗೆ ಫ್ಯಾನಿನ ಪರಿಚಯವೂ ಇರಲಿಲ್ಲ.

ಆಳದ ಗಣಿಯಲ್ಲಿ ಮನುಷ್ಯನನ್ನು ಕಾಡುವುದು ಕಾವಿಗಿಂತ ಹೆಚ್ಚಾಗಿ ತೇವ. ನಮ್ಮ ದೇಹ ತಂಪಾಗುವುದು ಬೆವರು ಆರಿದಾಗ. ಗಾಳಿ ಆಗಲೇ ನೀರಿನಿಂದ ತುಂಬಿದ್ದರೆ ಬೆವರು ಆರುವುದಿಲ್ಲ, ಸುಮ್ಮನೆ ಹರಿದು ನೆಲಕ್ಕೆ ಬೀಳುತ್ತದೆ. ಜೆ. ಎಸ್. ಹಾಲ್ಡೇನ್ ಎಂಬ ಶರೀರಶಾಸ್ತ್ರಜ್ಞ ಇಂಗ್ಲೆಂಡಿನ ಕಾರ್ನ್‌ವಾಲ್ ಗಣಿಗಳನ್ನೂ ನೋಡಿ, ಪ್ರಯೋಗಗಳನ್ನು ಮಾಡಿ, 1905ರಲ್ಲಿ ಇದನ್ನು ಸ್ಪಷ್ಟವಾಗಿ ಬರೆದರು. ಮನುಷ್ಯ ತಾಳಬಲ್ಲ ಸೆಕೆಯನ್ನು ಒಣ ಬಲ್ಬು ಹೇಳಲಾರದು, ಒದ್ದೆ ಬಲ್ಬು ಹೇಳುತ್ತದೆ. ಅಲುಗಾಡದ ಗಾಳಿಯಲ್ಲಿ ಒದ್ದೆ ಬಲ್ಬು 31 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸುಮ್ಮನೆ ಕೂತವನ ಮೈಕಾವೂ ಏರತೊಡಗುತ್ತದೆ ಎಂದು. ಒದ್ದೆ ಬಲ್ಬು ಎಂದರೆ ದೊಡ್ಡ ಯಂತ್ರವೇನಲ್ಲ. ಥರ್ಮಾಮೀಟರಿನ ತುದಿಗೆ ಒದ್ದೆ ಬಟ್ಟೆ ಸುತ್ತಿದರೆ ಆಯಿತು. ಬೆವರಿದ ಚರ್ಮ ಹೇಗೆ ತಂಪಾಗುತ್ತದೋ ಆ ಬಟ್ಟೆಯೂ ಹಾಗೇ ತಂಪಾಗುತ್ತದೆ. ಹುಳು ಮನೆಯ ಗೋಡೆಯ ಮೇಲಿರುವುದೂ, ಗಣಿಯ ಸುರಂಗದಲ್ಲಿ ಹಿಡಿದು ನೋಡುವುದೂ ಒಂದೇ ಉಪಕರಣ. ಭಾರತದ ಗಣಿ ನಿಯಮಗಳೂ ಇದನ್ನೇ ಹಿಡಿದುಕೊಂಡವು. ಕೆಲಸದ ಜಾಗದಲ್ಲಿ ಒದ್ದೆ ಬಲ್ಬು 33.5 ಡಿಗ್ರಿ ದಾಟಬಾರದು, 30.5 ದಾಟಿದರೆ ಗಾಳಿ ಸೆಕೆಂಡಿಗೆ ಒಂದು ಮೀಟರಿನಷ್ಟಾದರೂ ಓಡಬೇಕು.

ಈ ಅಂಕಿಗಳನ್ನು ಎರಡು ರೀತಿಯಲ್ಲಿ ಓದಬಹುದು. ಇಷ್ಟರ ಮೇಲೆ ಮನುಷ್ಯನನ್ನು ದುಡಿಸಬಾರದು ಎಂದು ಓದಿದರೆ ಅದು ರಕ್ಷಣೆ. ಇಷ್ಟರವರೆಗೆ ದುಡಿಸಬಹುದು ಎಂದು ಓದಿದರೆ ಅದು ಪರವಾನಗಿ. ಅಂಕಿ ಬದಲಾಗಿಲ್ಲ, ಬಟ್ಟೆ ಸುತ್ತಿದ ಥರ್ಮಾಮೀಟರ್ ಬದಲಾಗಿಲ್ಲ. ಬದಲಾದದ್ದು ಓದುವವನು ನಿಂತ ಜಾಗ. ಪಂಪು, ಪಂಖ, ತಂಪು ಯಂತ್ರ ಎಲ್ಲಕ್ಕೂ ಹಣ ಬೇಕು. ಒಂದು ಡಿಗ್ರಿ ತಗ್ಗಿಸಲು ಎಷ್ಟು ಖರ್ಚು, ಆ ಒಂದು ಡಿಗ್ರಿಯಿಂದ ಎಷ್ಟು ಹೆಚ್ಚು ಅದಿರು ಮೇಲೆ ಬರುತ್ತದೆ ಎಂಬ ಲೆಕ್ಕ ಯಾವ ಗಣಿಯಲ್ಲೂ ಇರುತ್ತದೆ. ಆ ಲೆಕ್ಕ ಕೂಡಿ ಬಂದಷ್ಟು ದೂರ ಕೂಲಿಯವನ ಗಾಳಿಯೂ ಹ್ಯೂಮಿಡರಿನ ಗಾಳಿಯೂ ಒಂದೇ ತರ್ಕದಲ್ಲಿ ನಡೆಯುತ್ತವೆ: ಸರಕು ಕೆಡಬಾರದು. ಲೆಕ್ಕ ಕೂಡಿ ಬರದ ಜಾಗದಲ್ಲಿ ಏನು ಮಾಡುತ್ತೇವೆ ಎಂಬುದೇ ನೀತಿಯ ಪ್ರಶ್ನೆ.

ಕೆಜಿಎಫ್‌ನಲ್ಲಿ ಈ ಲೆಕ್ಕ ಕೂಡಿ ಬರದ ಜಾಗ ಯಾವುದೆಂದರೆ ಧೂಳು. ಚಿನ್ನ ಇದ್ದದ್ದು ಬೆಣಚುಕಲ್ಲಿನ ನಾಳಗಳಲ್ಲಿ. ಬೆಣಚುಕಲ್ಲನ್ನು ಒಣಗಿದ್ದಾಗ ಕೊರೆದರೆ ಎದ್ದ ಪುಡಿ ಶ್ವಾಸಕೋಶದ ತಳ ಸೇರಿ ಅಲ್ಲೇ ಗಾಯದ ಗಂಟಾಗಿ ನಿಲ್ಲುತ್ತದೆ. ಅದೇ ಸಿಲಿಕೋಸಿಸ್. ಭಾರತದಲ್ಲಿ ಈ ರೋಗ ಮೊದಲು ಗುರುತಾದದ್ದು ಇಲ್ಲಿಯೇ. 1940ರ ದಶಕದಲ್ಲಿ ಇಲ್ಲಿನ ಸಾವಿರಾರು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 40ಕ್ಕೂ ಹೆಚ್ಚು ಜನರಲ್ಲಿ ಅದು ಕಂಡಿತು. ಧೂಳಿಗೆ ಜಗತ್ತಿನೆಲ್ಲೆಡೆ ಗಟ್ಟಿ ಬಂಡೆಯ ಗಣಿಗಳು ಕಂಡುಕೊಂಡ ಮದ್ದು ನೀರು. ಕೊರೆಯುವಾಗ ನೀರು ಹಾಯಿಸು, ಒಡೆದ ಕಲ್ಲಿಗೆ ನೀರು ಚಿಮುಕಿಸು. ಆದರೆ ಬಿಸಿ ಬಂಡೆಯ ಮೇಲೆ ಬಿದ್ದ ನೀರು ಆವಿಯಾಗುತ್ತದೆ, ಗಾಳಿ ತೇವವಾಗುತ್ತದೆ, ಬೆವರು ಆರುವುದು ನಿಲ್ಲುತ್ತದೆ. ಪುಪ್ಪುಸ ಉಳಿಸಲು ಹೋದರೆ ಮೈ ಕುದಿಯುತ್ತದೆ, ಮೈ ತಂಪು ಮಾಡಲು ಹೋದರೆ ಪುಪ್ಪುಸ ಕಲ್ಲಾಗುತ್ತದೆ.

ಇಲ್ಲಿ ಇನ್ನೊಂದು ವ್ಯತ್ಯಾಸ ಇದೆ. ಸೆಕೆಯಿಂದ ಕುಸಿದವನು ಅಂದೇ ಕುಸಿಯುತ್ತಾನೆ, ಆ ಪಾಳಿಯ ಕೆಲಸ ನಿಲ್ಲುತ್ತದೆ. ಲೆಕ್ಕದ ಪುಸ್ತಕಕ್ಕೆ ಅದು ತಕ್ಷಣ ಗೊತ್ತಾಗುತ್ತದೆ. ಧೂಳಿನಿಂದ ಕೆಟ್ಟವನು ಹತ್ತು ಹದಿನೈದು ವರ್ಷದ ಮೇಲೆ, ಗಣಿ ಬಿಟ್ಟ ಮೇಲೆ, ಮನೆಯ ಜಗಲಿಯಲ್ಲಿ ಕೆಮ್ಮುತ್ತಾನೆ. ಆ ಕೆಮ್ಮು ಅಳತೆಯ ಒಳಗೆ ಬರಬೇಕಾದರೆ, ಅವನು ಸರಕಲ್ಲ, ಪಾಳಿ ಮುಗಿದ ಮೇಲೂ ಇರುವ ಮನುಷ್ಯ ಎಂದು ಯಾರಾದರೂ ಮೊದಲು ಒಪ್ಪಿಕೊಂಡಿರಬೇಕು. ಸಿಗಾರಿಗೆ ಸೇದಿದ ಮೇಲಿನ ಬದುಕು ಇಲ್ಲ. ಮನುಷ್ಯನಿಗೆ ಇದೆ. ಒಡೆತನದ ಜೋಪಾನಕ್ಕೂ ಮನುಷ್ಯನ ಮೇಲಿನ ಕಾಳಜಿಗೂ ನಡುವಿನ ಗೆರೆ ಇಲ್ಲಿಯೇ ಬೀಳುತ್ತದೆ ಎಂದು ನನಗೆ ಅನ್ನಿಸುತ್ತದೆ.

ಕಾರ್ಮಿಕರಿಗೆ ಈ ಗೆರೆ ಗೊತ್ತಿರಲಿಲ್ಲ ಎಂದುಕೊಳ್ಳಬಾರದು. ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದು, ತಟ್ಟಿ ಗುಡಿಸಲುಗಳಲ್ಲಿ ಬೀಡುಬಿಟ್ಟ, ಬಹುಪಾಲು ದಲಿತ ಕುಟುಂಬಗಳು ಅವು. 1930ರಲ್ಲಿ ಅವರು ದೊಡ್ಡ ಮುಷ್ಕರ ಹೂಡಿದರು. ಕಾರಣ, ಎಲ್ಲ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಾಯಿಸುವ ಆದೇಶ. ಚಿನ್ನ ಕದಿಯಬಹುದೆಂಬ ಶಂಕೆಯಲ್ಲಿ ಮೈ ತಡಕಾಟ ಅವರಿಗೆ ದಿನದ ಅನುಭವವಾಗಿತ್ತು. ಅದರ ಮೇಲೆ ಇದು. ಬೆರಳಚ್ಚೂ ಒಂದು ಅಳತೆಯೇ. ಗುರುತು ಹಿಡಿಯಲು, ಕಾವಲು ಕಾಯಲು ಮಾಡಿಕೊಂಡ ಅಳತೆ ಅದು. ಅಳೆಸಿಕೊಳ್ಳುವವನಿಗೆ ಅದರಿಂದ ತಿಳಿಯುವುದು ಏನೂ ಇಲ್ಲ, ಅವನ ಬಗ್ಗೆ ಬೇರೆಯವರಿಗೆ ತಿಳಿಯುತ್ತದೆ. ಹಾಗೆ ನೋಡಿದರೆ ಅವರು ಕೆಲಸ ನಿಲ್ಲಿಸಿ ಕೇಳಿದ ಪ್ರಶ್ನೆ ಇಂದಿನ ಸೆನ್ಸರುಗಳಿಗೂ ಅನ್ವಯಿಸುತ್ತದೆ: ಈ ಅಂಕಿ ಯಾರ ಕೈಯಲ್ಲಿ ಇರುತ್ತದೆ?

ಅಳತೆಗಳೆಲ್ಲ ಒಂದೇ ಜಾತಿಯವಲ್ಲ ಎಂಬುದಕ್ಕೂ ಇದೇ ಗಣಿ ಸಾಕ್ಷಿ. 1965ರಲ್ಲಿ ನೆಲದಡಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳೊಂದಿಗೆ ಸೇರಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಸುಳಿವನ್ನು ಹಿಡಿದರು. ಜಗತ್ತಿನ ಮೊದಲ ಇಂಥ ಗುರುತುಗಳಲ್ಲಿ ಅದು ಸೇರಿದೆ. ಆ ಅಳತೆ ಬರೀ ತಿಳಿಯಲು; ನ್ಯೂಟ್ರಿನೋಗೆ ಅದರಿಂದ ಲಾಭವಿಲ್ಲ, ನಷ್ಟವಿಲ್ಲ. ಅದಿರಿನ ಟನ್ನಿಗೆ ಎಷ್ಟು ಗ್ರಾಂ ಚಿನ್ನ ಎಂಬ ಅಳತೆ ಪಡೆಯಲು. ಸುರಂಗದ ಒದ್ದೆ ಬಲ್ಬು ಕಾಪಾಡಲು, ಅಥವಾ ಹಾಗಾಗಬೇಕಿತ್ತು. ತಿಳಿಯುವ, ಪಡೆಯುವ, ಕಾಪಾಡುವ ಮೂರೂ ಅಳತೆ ಒಂದೇ ಗಣಿಯಲ್ಲಿ ಒಟ್ಟಿಗೆ ನಡೆದವು. ಇವುಗಳಲ್ಲಿ ಮೂರನೆಯದು ಮಾತ್ರ ಅಳೆಯುವವನ ಮೇಲೆ ಹೊಣೆ ಹೊರಿಸುತ್ತದೆ. ನ್ಯೂಟ್ರಿನೋ ಎಣಿಸಿ ಸುಮ್ಮನಿರಬಹುದು. ಒದ್ದೆ ಬಲ್ಬು 34 ತೋರಿಸಿದ ಮೇಲೆ ಸುಮ್ಮನಿರುವುದು, ಅಳೆಯದೆ ಇದ್ದುದಕ್ಕಿಂತ ದೊಡ್ಡ ತಪ್ಪು. ಗೊತ್ತಿರಲಿಲ್ಲ ಎಂಬ ಮಾತಿಗೆ ಆಗ ಜಾಗವೇ ಇರುವುದಿಲ್ಲ.

ಇಲ್ಲೊಂದು ಆಕ್ಷೇಪ ಬರಬಹುದು. ಎಲ್ಲರ ಗಾಳಿಯನ್ನೂ ಅಳೆಯುತ್ತ ಕೂರಲು ಸಾಧ್ಯವೇ? ಅಳತೆಗೂ ಹಣ, ಜನ, ಸಮಯ ಬೇಡವೇ? ಹಿಂದೆ ಈ ಮಾತಿಗೆ ತೂಕ ಇತ್ತು. ಇಂದು ಸಿಗಾರ್ ಪೆಟ್ಟಿಗೆಯ ಸೆನ್ಸರ್ ಕೆಲವು ಸಾವಿರ ರೂಪಾಯಿಗೂ, ಅದಕ್ಕಿಂತ ಕಡಿಮೆಗೂ ಸಿಗುತ್ತದೆ. ಹವ್ಯಾಸಕ್ಕೆ ಕೊಳ್ಳಬಹುದಾದಷ್ಟು ಅಗ್ಗವಾದ ಉಪಕರಣ ಜೀವಕ್ಕೆ ದುಬಾರಿಯಾಯಿತು ಎಂದು ಹೇಳುವುದು ಕಷ್ಟ. ಹಣದ ಕೊರತೆ ಎಂದು ನಾವು ಕರೆಯುವುದು ಎಷ್ಟೋ ಸಲ ಗಮನದ ಕೊರತೆ.

ಮ್ಯಾನ್‌ಹೋಲನ್ನು ನೋಡಿ. ಕೆಜಿಎಫ್‌ನ ಹಳೆಯ ಗಣಿ ಕಾಲೊನಿಗಳಲ್ಲಿ ಒಣ ಶೌಚಾಲಯಗಳು ಈ ಶತಮಾನದವರೆಗೂ ಉಳಿದು ಬಂದವು. ಅವನ್ನು ಬಾಚುತ್ತಿದ್ದ ಕೈಗಳು ಯಾವ ಜಾತಿಯವೆಂದು ಬಿಡಿಸಿ ಹೇಳಬೇಕಿಲ್ಲ. ಮಲಗುಂಡಿಯ ತಳದಲ್ಲಿ ಕೂಡುವ ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯ ವಾಸನೆಯದು, ಆದರೆ ಪ್ರಮಾಣ ಹೆಚ್ಚಾದಾಗ ಮೂಗಿನ ಗ್ರಹಿಕೆಯನ್ನೇ ಮಂಕು ಮಾಡುತ್ತದೆ. ವಾಸನೆ ಇಲ್ಲ ಎಂದುಕೊಂಡ ಗಳಿಗೆಯೇ ಸಾಯುವ ಗಳಿಗೆ. ದೇಹದ ಅರಿವು ಕೈಕೊಡುವ ಇಂಥ ಜಾಗದಲ್ಲೇ ಉಪಕರಣ ಬೇಕು. ಸುರಕ್ಷತಾ ಸಾಧನಗಳಿಲ್ಲದೆ ಮನುಷ್ಯರನ್ನು ಹಾಗೆ ಇಳಿಸುವುದು 2013ರ ಕಾಯ್ದೆಯಂತೆ ಅಪರಾಧ. ಆದರೂ ಸಾವಿನ ಸುದ್ದಿ ಬರುತ್ತಲೇ ಇದೆ. ಜೊತೆಗೆ ಒಂದು ಎಚ್ಚರಿಕೆಯೂ ಬೇಕು. ಗ್ಯಾಸ್ ಮಾಪಕ ಹಸಿರು ತೋರಿಸಿತು ಎಂದರೆ ಮನುಷ್ಯ ಇಳಿಯಬಹುದು ಎಂದಲ್ಲ. ಗಾಳಿ ಚೆನ್ನಾಗಿದ್ದರೂ ಆ ಕೆಲಸ ಮನುಷ್ಯನದ್ದಲ್ಲ. ಕೆಲವು ಕಡೆ ಅಳತೆಯ ಉತ್ತರ ಇನ್ನಷ್ಟು ಗಾಳಿ, ಕೆಲವು ಕಡೆ ಆ ಕೆಲಸವನ್ನೇ ನಿಲ್ಲಿಸುವುದು.

ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಜನ ನಸುಕಿನಲ್ಲೇ ರೈಲು ಹತ್ತಿ, ಬಂಗಾರಪೇಟೆ ದಾಟಿ, ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಇಂದಿನ ನಗರದಲ್ಲಿ ಔಷಧಿ ಗೋದಾಮಿಗೆ ಸೆನ್ಸರ್ ಇದೆ, ಕಂಪ್ಯೂಟರ್ ಕೋಣೆಗೆ ಇದೆ, ಚಾಕೊಲೇಟು ಸಾಗಿಸುವ ಲಾರಿಗೂ ಇದೆ. ಇವುಗಳ ಬಾಗಿಲಲ್ಲಿ ನಿಂತ ಕಾವಲುಗಾರನ ತಗಡಿನ ಗೂಡಿನಲ್ಲಿ ಸೆಕೆ ಎಷ್ಟು ಎಂದು ಕೇಳಿದರೆ ಯಾವ ಫೋನೂ ಕೂಗುವುದಿಲ್ಲ. ಊಟ ತಲುಪಿಸುವ ಹುಡುಗ ಯಾವ ತಿರುವಿನಲ್ಲಿದ್ದಾನೆ ಎಂದು ನಮ್ಮ ಪರದೆಯಲ್ಲಿ ಕಾಣುತ್ತದೆ. ಏಪ್ರಿಲ್ ಮಧ್ಯಾಹ್ನ ಅವನ ಹೆಲ್ಮೆಟ್ಟಿನೊಳಗೆ ಏನಾಗುತ್ತಿದೆ ಎಂದು ಕಾಣುವುದಿಲ್ಲ. ಅವನನ್ನು ಅಳೆಯುತ್ತಿಲ್ಲ ಎಂದಲ್ಲ. ಬೆರಳಚ್ಚಿನಂತೆ ಅಳೆಯುತ್ತಿದ್ದೇವೆ, ಒದ್ದೆ ಬಲ್ಬಿನಂತೆ ಅಳೆಯುತ್ತಿಲ್ಲ.

ಕೆಜಿಎಫ್‌ನಲ್ಲಿ ಇನ್ನೂ ಒಂದು ಅಳತೆ ಬಾಕಿ ಇದೆ. ಊರ ಸುತ್ತ ಸೈನೈಡ್ ದಿಬ್ಬಗಳು ನಿಂತಿವೆ. ಚಿನ್ನ ತೆಗೆದು ಎಸೆದ ನುಣ್ಣನೆಯ ಪುಡಿಯ ಬೆಟ್ಟಗಳು ಅವು. ಗಾಳಿಗಾಲದಲ್ಲಿ ಆ ಪುಡಿ ಮನೆಗಳ ಮೇಲೆ ಕೂರುತ್ತದೆ. ಅದರ ಪ್ರತಿ ಟನ್ನಿನಲ್ಲಿ ಒಂದು ಗ್ರಾಮಿಗೂ ಕಡಿಮೆ ಚಿನ್ನ ಉಳಿದಿದೆ ಎಂದು ಲೆಕ್ಕ ಹಾಕಿದ್ದಾರೆ. 2024ರಲ್ಲಿ ಅದನ್ನು ಮತ್ತೆ ತೆಗೆಯುವ ಯೋಜನೆಗೆ ರಾಜ್ಯ ಸಚಿವ ಸಂಪುಟ ಒಪ್ಪಿಗೆಯನ್ನೂ ಕೊಟ್ಟಿತು. ಕೆಲಸ ಸಿಗುವುದಾದರೆ ಒಳ್ಳೆಯದೇ. ಆದರೆ ಒಂದು ಗ್ರಾಮಿನ ಭಾಗವನ್ನು ಅಳೆಯಬಲ್ಲ ಜಾಣ್ಮೆ ನಮ್ಮಲ್ಲಿದ್ದ ಮೇಲೆ, ಅದೇ ಪುಡಿ ಇವತ್ತು ಗಾಳಿಯಲ್ಲಿ ಎಷ್ಟಿದೆ ಎಂಬ ಅಂಕಿ ಶಾಲೆಯ ಗೋಡೆಯ ಮೇಲೆ, ಮಕ್ಕಳಿಗೂ ತಾಯಂದಿರಿಗೂ ಓದಲು ಬರುವ ಅಕ್ಷರದಲ್ಲಿ ಇರಬೇಕೆಂದು ಕೇಳುವುದು ಅತಿಯಾಸೆಯಾಗದು.

ಓದಲು ಬರುವ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಸಿಗಾರಿಗೆ ತನ್ನ ಪೆಟ್ಟಿಗೆಯ ಅಂಕಿ ಬೇಕಿಲ್ಲ. ಮನುಷ್ಯನಿಗೆ ಬೇಕು. ತನ್ನ ಗಾಳಿಯ ಅಂಕಿ ತನಗೆ ಕಾಣಬೇಕು, ಅದನ್ನು ಅನುಮಾನಿಸಲು ಆಗಬೇಕು, ಅದು ಮಿತಿ ಮೀರಿದಾಗ ಕೆಲಸ ಬಿಟ್ಟು ಮೇಲೆ ಬರಲು ಆಗಬೇಕು. ಈ ಮೂರೂ ಇದ್ದರೆ ಅಳತೆ ಅವನದಾಗುತ್ತದೆ. ಯಾರನ್ನಾದರೂ ನಾವು ಕಾಪಾಡುತ್ತಿದ್ದೇವೆ ಎಂದು ಹೇಳಿಕೊಳ್ಳುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಬಹುದು. ಅವರ ಕೈಗೇ ಮಾಪಕ ಕೊಟ್ಟು, ಒಂದು ಹಿಡಿ ಉಪ್ಪು, ನಾಲ್ಕು ಹನಿ ನೀರು ಕೊಟ್ಟು, ಅದು ನಿಜ ಹೇಳುತ್ತಿದೆಯೇ ನೀವೇ ನೋಡಿಕೊಳ್ಳಿ ಎಂದು ಹೇಳಲು ನಾವು ತಯಾರಿದ್ದೇವೆಯೇ?